ಇಲಿ ಬಿಲದ ತೆನೆ

ಗುದ್ದಲಿಯ ಏಟಿಗೆ ಬಿಲ ಬಾಯಿ ತೆರೆಯಿತು. ರಾಗಿ ಕೊಯ್ಲಾದ ಮೇಲೆ ಇಲಿ ಕದ್ದು ಕೂಡಿಟ್ಟ ತೆನೆಯನ್ನು ಅಗೆದು ತರುವುದು ಕುಂದಾಣದ ಆ ಹೊಲದಲ್ಲಿ ವರ್ಷವರ್ಷದ ವಾಡಿಕೆ. ಮಾವ ಮುನಿವೆಂಕಟಪ್ಪ ಬಾಚಿ ಕೊಟ್ಟದ್ದನ್ನು ಕದಿರಮ್ಮ ಮೊರಕ್ಕೆ ತುಂಬಿಕೊಂಡಳು.

ತೆನೆಯ ಹಿಂದೆ ಮರಿಗಳಿದ್ದವು, ಇನ್ನೂ ಕಣ್ಣು ಬಿಡದವು. ಅವುಗಳ ಕೆಳಗೆ ಚೂರುಚೂರಾದ ಹಳದಿ ಬಟ್ಟೆ. ಕದಿರಮ್ಮ ಒಂದು ಚೂರನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಅವಳದೇ ವಾಯಿಲ್ ಸೀರೆ. ಹೋದ ವರ್ಷ ಬದುವಿನ ಹೊಂಗೆಮರಕ್ಕೆ ಅದರಲ್ಲೇ ಮಗುವಿಗೆ ಜೋಲಿ ಕಟ್ಟಿದ್ದಳು. ಮಗು ಜ್ವರದಲ್ಲಿ ತೀರಿಕೊಂಡ ಮೇಲೆ ಆ ಜೋಲಿ ಬಿಚ್ಚಲು ಮನೆಯಲ್ಲಿ ಯಾರಿಗೂ ಮನಸ್ಸು ಬಂದಿರಲಿಲ್ಲ.

"ಆ ಮರಿಗಳ್ನ ಕಾಗೆಗೆ ಎಸ್ದುಬಿಡವ್ವ," ಎಂದ ಮುನಿವೆಂಕಟಪ್ಪ, ಬೆವರೊರೆಸಿಕೊಳ್ಳುತ್ತ.

ಕದಿರಮ್ಮ ಮೊರದ ತೆನೆಯನ್ನೆಲ್ಲ ಒಂದೊಂದಾಗಿ ಮತ್ತೆ ಬಿಲದೊಳಗಿಟ್ಟಳು.

"ಮೆತ್ತಗೆ ಮುಚ್ಚಿ ಮಾವ. ಮಕ್ಳು ಮಲ್ಗವೆ."