ದುಗ್ಗಪ್ಪನ ಜಾಗ

ಚೆಂಡು ಮೂವರ ಕಣ್ಣೆದುರೇ ಉರುಳಿಕೊಂಡು ಗೋಲಿನೊಳಗೆ ಹೋಯಿತು. ಹೊಡೆತವೇನೂ ಜೋರಿನದಲ್ಲ. ಕೊಯ್ಲಾದ ಗದ್ದೆಯ ಕೂಳೆಗೆ ತಾಗಿ ತಾಗಿ, ಪೇಟೆಗೆ ಹೊರಟ ಮುದುಕನ ಹಾಗೆ ನಿಧಾನಕ್ಕೆ ಹೋದದ್ದು. ಬಲಗಡೆಯ ಬ್ಯಾಕ್ ಭೋಜರಾಜ, ನಡುವಿನ ದೇವು, ಎಡಗಡೆಯ ಬಚ್ಚ, ಮೂವರೂ ಅದನ್ನು ನೋಡುತ್ತ ನಿಂತೇ ಇದ್ದರು. ಬ್ರಹ್ಮಾವರದವರು ಕುಣಿದರು. ಕುಂದಾಪುರದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿನ್ ಎದ್ರಂಗೇ ಹೋಯ್ತಲ್ಲ ಮಾರಾಯ! ಒಂದ್ ಕಾಲ್ ಅಡ್ಡ ಹಾಕುಕೆ ಎಂತ ಆಯ್ತ್ ನಿಂಗೆ?" ಎಂದು ಭೋಜರಾಜ ಕೇಳಿದ.

ದೇವು ತಲೆ ತಗ್ಗಿಸಿದ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಆಳು, ಓಡಿ ಬರುವ ಹೋರಿಯನ್ನಾದರೂ ಎದೆ ಕೊಟ್ಟು ನಿಲ್ಲಿಸುವವ. ಅಂಥವನು ಈಗ ತಪ್ಪು ಮಾಡಿದ ಮಗುವಿನ ಹಾಗೆ ಹೇಳಿದ: "ಅದ್ ದುಗ್ಗಪ್ಪಣ್ಣನ್ ಜಾಗ ಅಲ್ದಾ... ನಾ ಚೂರ್ ಬದಿಗ್ ನಿಂತದ್."

"ದುಗ್ಗಪ್ಪ ಬೊಂಬಾಯಂಗೆ ದ್ವಾಸಿ ಹೊಯ್ತಿದ್ದ. ಅಲ್ಲಿಂದ ಬಂದ್ ಇಲ್ಲಿ ಬಾಲ್ ಹೊಡಿತ್ನಾ?"

ಬೈಯುವುದೇನೋ ಬೈದ. ಆದರೆ ಅವನಿಗೂ ಒಳಗೊಳಗೇ ಗೊತ್ತಿತ್ತು: ಚೆಂಡು ನಡುವಿಗೆ ಬಂದಾಗ ತಾನೂ ಒಂದು ಕೂಗಿಗಾಗಿ ಕಾದಿದ್ದ. "ಬಿಡಿ, ನಂದ್!" ಎನ್ನುವ ದುಗ್ಗಪ್ಪನ ಕೂಗು. ವರ್ಷಗಟ್ಟಲೆ ಆ ಕೂಗು ಕೇಳಿದ ಕೂಡಲೇ ಉಳಿದವರು ಹಿಂದೆ ಸರಿಯುತ್ತಿದ್ದರು. ಸರಿಯುವುದೊಂದೇ ಅವರಿಗೆ ಚೆನ್ನಾಗಿ ಬರುತ್ತಿದ್ದದ್ದು. ಮಳೆ ಹಿಡಿಯುವ ಮೊದಲೇ ದುಗ್ಗಪ್ಪ ಬೊಂಬಾಯಿಯ ಹೋಟೆಲಿಗೆ ಹೋದ. ಅವನ ಹಿಂದೆಯೇ ಎಡಗಡೆಯ ತಿಮ್ಮ ಮಂಗಳೂರಿನ ಬಂದರಿನ ಕೆಲಸ ಹಿಡಿದ. ಅವರ ಜಾಗಕ್ಕೆ ದೇವು, ಬಚ್ಚ ಬಂದರು. ಉಳಿದ ಹಳಬ ಭೋಜರಾಜ ಒಬ್ಬನೇ. ಹಿಂದಿನ ಸಾಲಿನ ಯಜಮಾನಿಕೆ ಬೇಕೋ ಬೇಡವೋ ಎಂದು ಕೇಳದೆ ಅವನ ಕೊರಳಿಗೆ ಬಿತ್ತು. ಅಲ್ಲಿಂದ ಈಚೆಗೆ ಸೋತ ಆಟಗಳನ್ನೆಲ್ಲ ಸೋತದ್ದು ಹೀಗೇ, ಬೊಂಬಾಯಿಗೆ ಹೋದವನಿಗೆ ಚೆಂಡು ಬಿಟ್ಟುಕೊಟ್ಟು.

ಭೋಜರಾಜನಿಗೆ ಸಾಕಾಗಿತ್ತು. ಅವನಿಗೆ ಬೇಕಾಗಿದ್ದದ್ದು ಗೆಲುವೂ ಅಲ್ಲ, ಯಜಮಾನಿಕೆಯೂ ಅಲ್ಲ, ಬಿಡುಗಡೆ. ಪ್ರತಿ ಆಟದ ಮರುದಿನ ಮೊಣಕಾಲು ಊದಿಕೊಳ್ಳುತ್ತಿತ್ತು. ಕೆಲಸಕ್ಕೆ ಹೋಗುವ ಅಕ್ಕಿ ಮಿಲ್ಲಿನ ಮೆಟ್ಟಿಲು ಹತ್ತುವಾಗ ಜೀವ ಬಾಯಿಗೆ ಬರುತ್ತಿತ್ತು. "ಇನ್ನೊಂದ್ ಸಲ ಆಟ ಅಂದೇಳಿ ಹ್ವಾದ್ರೆ, ಬಂದ್ ನೀವೇ ಬಿಸ್ನೀರ್ ಕಾಯ್ಸ್ಕಣಿ" ಎಂದು ಹೆಂಡತಿ ಗುಲಾಬಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಇವತ್ತು ಹೊಸಬರು ತಮ್ಮ ಕಾಲ ಮೇಲೆ ನಿಂತರೆ ಇದೇ ಕಡೆಯ ಆಟ ಎಂದು ಅವಳಿಗೆ ಮಾತು ಕೊಟ್ಟು ಬಂದಿದ್ದ.

ಅರ್ಧ ಆಟ ಮುಗಿದು ಬೆಲ್ಲದ ನೀರು ಕುಡಿಯುವಾಗ ಅವನಿಗೆ ಒಂದು ಉಪಾಯ ಹೊಳೆಯಿತು: ದುಗ್ಗಪ್ಪನ ಜಾಗದಲ್ಲಿ ತಾನೇ ಒಮ್ಮೆ ನಿಂತು ತೋರಿಸಿದರೆ ಹೊಸಬರ ಹೆದರಿಕೆ ಹೋದೀತು. "ದೇವು, ನೀ ಬಲ್ಗಡಿ ನಿಲ್ಲ್. ನಡೂಕೆ ನಾ ನಿಂತ್ಕಂತೆ."

"ನಿಮ್ ಜಾಗ್ದಂಗಾ?"

"ಹೌದ. ಅಲ್ಲೇ."

ನಡುವಿಗೆ ಹೋಗಿ ನಿಂತಾಗ ಭೋಜರಾಜನಿಗೂ ಯಾರದೋ ಮನೆಯೊಳಗೆ ಹೇಳದೆ ನುಗ್ಗಿದ ಹಾಗಾಯಿತು. ಆದರೂ ಮೊದಲ ಚೆಂಡು ಬಂದಾಗ, "ಬಿಡಿ, ನಂದ್!" ಎಂದು ಕೂಗಿಯೇಬಿಟ್ಟ. ಸ್ವರ ಒಡೆದುಹೋಯಿತು, ನಾಚಿಕೆಯೂ ಆಯಿತು. ಆದರೆ ಉಳಿದವರು ಸರಿದರು, ಚೆಂಡು ಅವನ ಕಾಲಿಗೆ ಸಿಕ್ಕಿ ದೂರ ಹೋಯಿತು. ಮತ್ತೆ ಕೂಗಿದ, ಮತ್ತೆ ತಡೆದ. ಅತ್ತ ಮುಂದಿನವರು ಒಂದು ಗೋಲು ಹೊಡೆದು ಸಮ ಮಾಡಿದರು. ಇಷ್ಟೇನಾ, ಇದಕ್ಕೆ ಇಷ್ಟು ತಿಂಗಳು ಹೆದರಿದೆನಾ ಎಂದು ಅವನಿಗೆ ನಗು ಬಂತು. ಇದೇ ಕಡೆಯ ಆಟ ಎಂದು ಗುಲಾಬಿಯ ಮುಂದೆ ಹೇಗೆ ಹೇಳುವುದೆಂದೂ ಯೋಚಿಸಿಟ್ಟುಕೊಂಡ.

ಇನ್ನೇನು ಸೀಟಿ ಊದಬೇಕು ಎನ್ನುವಾಗ ಚೆಂಡು ಬಲಗಡೆಯಿಂದ ಬಂತು. ಬ್ರಹ್ಮಾವರದ ಹುಡುಗನ ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ದೇವು ಇದ್ದ, ಆದರೆ ಒಳಗಡೆಗೆ ಸರಿದು, ದೊಡ್ಡವರ ಮನೆಯ ಜಗಲಿಯ ಬದಿಯಲ್ಲಿ ನಿಂತ ಹಾಗೆ ನಿಂತಿದ್ದ. ಭೋಜರಾಜ ಓಡಿದ. ಮೊಣಕಾಲು ಓಡಲಿಲ್ಲ. ಗೋಲಾಯಿತು.

"ನಿಂಗೆ ಅಲ್ಲೇ ನಿಲ್ಲುಕೆ ಹೇಳಿದ್ದಲ್ದನಾ?" ಭೋಜರಾಜನಿಗೆ ಉಸಿರೇ ಇರಲಿಲ್ಲ.

"ಅದ್ ನಿಮ್ ಜಾಗ ಭೋಜಣ್ಣ" ಎಂದ ದೇವು. ಅವನ ಕಣ್ಣು ತುಂಬಿತ್ತು. "ನೀವ್ ತಿರ್ಗಿ ಬತ್ರಿ ಅಂದೇಳಿ ಬಿಟ್ಟಿದೆ."

ಭೋಜರಾಜ ಬಗ್ಗಿ ಮೊಣಕಾಲು ಹಿಡಿದುಕೊಂಡ. ಅವನನ್ನು ಇಷ್ಟು ಮರ್ಯಾದೆಯಿಂದ ಯಾರೂ ಕಟ್ಟಿಹಾಕಿರಲಿಲ್ಲ.

ಊರಿಗೆ ಮರಳುವ ಕುಂದಾಪುರದ ಬಸ್ಸು ಬರುವಾಗಲೇ ತುಂಬಿಕೊಂಡಿತ್ತು. ದೇವು ಮುಂಚೆಯೇ ಓಡಿಹೋಗಿ, ಕಿಟಕಿಯಿಂದ ತನ್ನ ಬೆವರೊರೆಸುವ ಬೈರಾಸು ಎಸೆದು, ಇದ್ದ ಒಂದು ಸೀಟು ಹಿಡಿದಿದ್ದ. "ಹ್ವಾಯ್ ಭೋಜಣ್ಣ, ಇಲ್ ಬನ್ನಿ! ನಿಮ್ಗೆ ಜಾಗ ಹಿಡ್ದ್ ಇಟ್ಟಿದೆ."

ಮೊಣಕಾಲು ಸಿಡಿಯುತ್ತಿತ್ತು. ಕೂತರೆ ಸಾಕು ಎನಿಸಿತ್ತು. ಭೋಜರಾಜ ಸೀಟಿನ ಮೇಲಿದ್ದ ಬೈರಾಸು ತೆಗೆದು ದೇವುವಿನ ಹೆಗಲಿಗೆ ಹಾಕಿದ.

"ಕೂಕೋ."

"ನೀವ್?"

"ನಾ ನಿಂತ್ಕಂತೆ. ನೀ ಕೂಕೋ ಅಂದೆ ಅಲ್ದಾ!"

ಭುಜ ಹಿಡಿದು, ಒತ್ತಿ ಕೂರಿಸಿದ. ಬಸ್ಸು ಹೊರಟಿತು. ಮೇಲಿನ ಸರಳಿಗೆ ಜೋತುಬಿದ್ದು, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತ ಭೋಜರಾಜ ಬಾರ್ಕೂರಿನ ತಿರುವು ದಾಟಿದ ಮೇಲೆ ಕೆಳಗೆ ನೋಡಿದ. ಅಷ್ಟು ದೊಡ್ಡ ಆಳು ಸೀಟಿನ ತುದಿಯಲ್ಲಿ ಮುದುಡಿಕೊಂಡು ಕೂತಿದ್ದ, ಪಕ್ಕದಲ್ಲಿ ಭೋಜರಾಜನಿಗೆ ಸಾಲುವಷ್ಟು ಜಾಗ ಬಿಟ್ಟು.