ಹಿಂದಿನ ಖೋಲಿಗೆ ಹೋದ ನೋಟೀಸು

ಶೇಂಗಾದುಂಡಿಯ ವಾಸನೆ ಬಂದರೆ ಈಗಲೂ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ಯಲಬುರ್ಗಾದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಹುಸೇನಬಿ ಬಾಡಿಗೆಗಿದ್ದಳು. ಗಿಣಿಗೇರಾದ ಕಾರ್ಖಾನೆಯಲ್ಲಿದ್ದ ಮಗ ರೊಕ್ಕ ಕಳಿಸುವುದು ತಡ, ಹಾಗಾಗಿ ಬಾಡಿಗೆಯೂ ಪ್ರತಿ ತಿಂಗಳು ತಡ. ಸಾಮಾನು ಹೊರಗೆ ಎಸೆಯಲು ಹೊರಟಿದ್ದ ಅಪ್ಪನನ್ನು ವಕೀಲರು ತಡೆದಿದ್ದರು.

"ಕಾಯ್ದೆ ಪ್ರಕಾರ ಮೊದಲು ನೋಟೀಸು ಕೊಡಬೇಕಂತ. ನಿನ್ನ ಅಕ್ಷರ ದುಂಡಗ ಅದಾವ, ನೀನ ಬರಿ" ಎಂದು ನನ್ನಿಂದ ಬರೆಸಿದ ಅಪ್ಪ, ಹತ್ತು ಹೆಜ್ಜೆ ದೂರದ ಆ ಖೋಲಿಗೆ ಅದನ್ನು ರಜಿಸ್ಟರ್ ಅಂಚೆಯಲ್ಲಿ ಕಳಿಸಿದ.

ಮೂರನೇ ದಿನ ಮಧ್ಯಾಹ್ನ ಹುಸೇನಬಿ ಲಕೋಟೆ ಹಿಡಿದು ನನ್ನ ಬಳಿಗೇ ಬಂದಳು. ಓದು ಬಾರದ ಆಕೆಗೆ ಮಗನ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವಳು ನಾನೇ.

"ಮಗಂದ ಕಾಗದ ಬಂದೈತಿ, ಓದ ಬೇಟಿ."

ನಾನು ಬರೆದದ್ದನ್ನು ನಾನೇ ಓದಿದೆ. ಆಕೆ ಕಾಗದ ಮಡಚಿ ಇಟ್ಟುಕೊಂಡು, ಎಂದಿನಂತೆ ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಶೇಂಗಾದುಂಡಿ ಇಟ್ಟಳು. ಓದಿದ್ದಕ್ಕೆ ಕೊಡುವುದನ್ನು ಆಕೆ ಒಮ್ಮೆಯೂ ತಡ ಮಾಡಿರಲಿಲ್ಲ.