ಅಗಲದಲ್ಲಿ ಆರು ಇಂಚು

ಗಡಿಯಾರದಲ್ಲಿ ಹನ್ನೆರಡಾಗಲು ಇನ್ನೂ ಐದು ನಿಮಿಷವಿತ್ತು. ದರ್ಜಿ ಅಣ್ಣ ಆಗಲೇ ಡಾಂಬರಿನ ಡಬ್ಬ ಹಿಡಿದು ಏಣಿಯ ಬುಡದಲ್ಲಿ ನಿಂತಿದ್ದ. ಅಂಗಡಿಯ ತಗಡಿನ ಮಾಡಿನಲ್ಲಿದ್ದ ಮೊಳೆಯ ತೂತನ್ನು ಮುಚ್ಚದೆ ಇವತ್ತು ಅವನು ಊಟಕ್ಕೆ ಹೋಗುವವನಲ್ಲ.

“ಮಳೆಗಾಲವೆಲ್ಲ ಬಕೆಟ್ ಇಟ್ಟು ಇಟ್ಟು ಸಾಕಾಯ್ತು. ನಿನ್ನ ವಾಯಿದೆ ಮುಗೀತು ಕಣೇ.”

“ಇನ್ನೂ ಐದು ನಿಮಿಷ ಇದೆ ಅಣ್ಣಾ,” ಎಂದಳು ತಂಗಿ, ಹೊಲಿಗೆ ಯಂತ್ರದಿಂದ ಎದ್ದು.

ಆ ತೂತಿನಿಂದ ನಾಣ್ಯದಷ್ಟು ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಒಂದು ವರ್ಷದಿಂದ ವಾರಕ್ಕೊಮ್ಮೆ, ಗಡಿಯಾರ ಹನ್ನೆರಡು ತೋರಿಸುವಾಗ, ಅದು ಬಿದ್ದ ಜಾಗಕ್ಕೆ ಅವಳು ಒಂಟಿ ಗುಂಡಿಯೊಂದನ್ನು ಅಂಟಿಸುತ್ತ ಬಂದಿದ್ದಳು. ಚಳಿಗಾಲದಲ್ಲಿ ಬಿಸಿಲು ಯಂತ್ರದ ಕಾಲಿನವರೆಗೆ ಒಳಗೆ ಬಂತು, ಬೇಸಿಗೆಯಲ್ಲಿ ಬಾಗಿಲ ಕಡೆ ಹೊರಟಿತು. ಮೋಡದ ವಾರಗಳಲ್ಲಿ ಗುಂಡಿಯಿಲ್ಲದೆ ಜಾಗ ಖಾಲಿ ಉಳಿಯಿತು. ಈಗ ನೆಲದ ಮೇಲೆ ಉದ್ದನೆಯದೊಂದು ಇಂಗ್ಲಿಷ್ ಎಂಟು ಮೂಡಿತ್ತು. ಯಾರೂ ಬರೆಯದ ಎಂಟು! ಅದನ್ನು ನೋಡುತ್ತ ನಿಂತರೆ ಅವಳಿಗೆ ಸೂಜಿ ಮರೆತುಹೋಗುತ್ತಿತ್ತು. ವರ್ಷ ತುಂಬಿದ ದಿನ ಬಿಸಿಲು ಮೊದಲ ಕೆಂಪು ಗುಂಡಿಗೇ ವಾಪಸ್ಸು ಬರುತ್ತದೆ, ಬರದಿದ್ದರೆ ತೂತು ಮುಚ್ಚಿಬಿಡು ಎಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ಆ ದಿನ ಇವತ್ತು.

ಗಡಿಯಾರ ಹನ್ನೆರಡು ತೋರಿಸಿತು. ಬಿಸಿಲು ಕೆಂಪು ಗುಂಡಿಯ ಮೇಲೆ ಇರಲಿಲ್ಲ.

ಅಣ್ಣ ಕೊರಳಲ್ಲಿದ್ದ ಟೇಪು ಎಳೆದು ಅಳೆದ. “ಆರು ಇಂಚು! ಅಂಗಿಯಲ್ಲಿ ಇಷ್ಟು ತಪ್ಪಿದ್ರೆ ಗಿರಾಕಿ ನಮ್ಮನ್ನ ಸುಮ್ನೆ ಬಿಡ್ತಾನಾ?”

ಅವಳು ಕೆಂಪು ಗುಂಡಿಯನ್ನೇ ನೋಡಿದಳು. ಒಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೆಲ್ಲ ಸುಳ್ಳೇ? ಅಣ್ಣ ಏಣಿಯ ಎರಡನೇ ಮೆಟ್ಟಿಲಿನಲ್ಲಿದ್ದ. ಅವಳು ನೆಲಕ್ಕೆ ಬಗ್ಗಿ, ಬಟ್ಟೆ ನೋಡುವ ಹಾಗೆಯೇ ನೋಡಿದಳು.

“ಇಳಿಯಣ್ಣಾ! ಉದ್ದ ಸರಿಯಾಗಿದೆ, ತಪ್ಪಿರೋದು ಅಗಲದಲ್ಲಿ. ಉದ್ದ ಅಂದ್ರೆ ಋತು, ಅಗಲ ಅಂದ್ರೆ ಹೊತ್ತು. ಸೂರ್ಯ ಸರಿಯಾಗೇ ಬಂದಿದ್ದಾನೆ. ಗಡಿಯಾರ ಮುಟ್ಟಿದ್ದು ಯಾರು?”

ಅಣ್ಣ ತಲೆ ಕೆರೆದುಕೊಂಡ. “ನಿನ್ನೆ ಕೋಟಿನ ಗಿರಾಕಿ ತಡ ಆಯ್ತು ಅಂತ ಕೂಗಾಡಿದ್ರಲ್ಲ... ಕೆಲಸ ಬೇಗ ಸಾಗ್ಲಿ ಅಂತ ಬೆಳಿಗ್ಗೆ ಹತ್ತು ನಿಮಿಷ ಮುಂದೆ ತಿರುಗಿಸಿದೆ.”

“ಹಾಗಾದ್ರೆ ಹತ್ತು ನಿಮಿಷ ಕೂತ್ಕೋ.”

ಇಬ್ಬರೂ ನೆಲದ ಮೇಲೆ ಕೂತರು. ಅಂಗಡಿಯ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದವನೂ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಂದ. ಬಿಸಿಲು ಮೊದಲು ಅಲುಗಾಡದಂತೆ ಕಂಡಿತು. ಆಮೇಲೆ ಒಂದು ಇಂಚು. ಎರಡು. ಕೊನೆಗೆ ಅದರ ಅಂಚು ಕೆಂಪು ಗುಂಡಿಯನ್ನು ತಾಕಿತು, ಮೆಲ್ಲಗೆ ಮೇಲೇರಿತು, ಗುಂಡಿಯ ನಾಲ್ಕೂ ತೂತು ಬೆಳಗಿದವು.

“ಬಂತು!” ತಂಗಿ ಕೂಗಿದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅವಳ ಮುಖ ಊರಗಲವಾಗಿತ್ತು. ಕಣ್ಣಲ್ಲಿ ನೀರು ಬಂದದ್ದನ್ನು ಅವಳು ಮುಚ್ಚಿಡಲಿಲ್ಲ.

ಅಣ್ಣ ಡಬ್ಬವನ್ನು ಕಾಲಿನಿಂದ ಆಚೆ ಸರಿಸಿ ಅಂಗಾತ ಮಲಗಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮಾಡನ್ನು ಸೋರಿಕೆ ಹುಡುಕದೆ ನೋಡುತ್ತಿದ್ದ. ಬಿಸಿಲಿಗೆ ಅಂಗೈ ಒಡ್ಡಿದ.

“ಅಯ್ಯೋ, ನಡೀತಾ ಇದೆ ಕಣೇ! ನನ್ನ ಕೈ ಮೇಲೇ ನಡೀತಾ ಇದೆ!”

“ಸೂರ್ಯ ನಿಂತಲ್ಲೇ ಇದ್ದಾನೆ ಅಣ್ಣಾ. ಹೋಗ್ತಾ ಇರೋದು ನಾವು, ಭೂಮಿ ಸಮೇತ.”

ಅಣ್ಣ ಥಟ್ಟನೆ ಇನ್ನೊಂದು ಕೈಯಿಂದ ಹೊಲಿಗೆ ಯಂತ್ರದ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ.